ಬೇವು ಕಟ್ಟಿದ ಬಾಗಿಲಲ್ಲಿ ಕೇಳಿದ ದನಿ

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ವಠಾರದ ಎಂಟು ವರ್ಷದ ಒಂದು ಮಗುವಿನ ಪ್ರಾಣಕ್ಕೆ ಕುತ್ತು ತರಲು ಹೊರಟಿದ್ದವನು ನಾನು. ಹೊರಟಿದ್ದು ನಗಿಸುವುದಕ್ಕೆ ಅಂತಲೇ. ಆದರೆ ಆ ಮಗುವಿನ ಪಾಲಿಗೆ ಆ ಹೊತ್ತು ಎರಡೂ ಒಂದೇ ಆಗಿತ್ತು. ನನ್ನನ್ನು ಹೊಸ್ತಿಲ ಈಚೆಗೇ ನಿಲ್ಲಿಸಿದ್ದು ಒಂದು ದನಿ. ಅದು ಎಲ್ಲಿಂದ ಬಂತು ಎಂಬುದು ನಾಲ್ಕು ವರ್ಷ ಕಳೆದರೂ ನನಗೆ ಗೊತ್ತಾಗಿಲ್ಲ.

ಅಶರೀರವಾಣಿ, ಕನಸಿನಲ್ಲಿ ಬಂದು ಎಚ್ಚರಿಸುವ ಹಿರಿಯರು, ಇಂಥ ಕಥೆ ಹೇಳುವವರು ಸಿಕ್ಕಿದರೆ ಆಗೆಲ್ಲ ನನಗೆ ಹಬ್ಬ. ಅವರು ಕಥೆ ಮುಗಿಸಿ ಎದ್ದು ಹೋಗುವುದನ್ನೇ ಕಾದಿದ್ದು, ಅವರದೇ ದನಿಯಲ್ಲಿ, ಅವರದೇ ಕಣ್ಣರಳಿಸುವಿಕೆಯಲ್ಲಿ ಅದನ್ನು ಇನ್ನೊಮ್ಮೆ ಹೇಳಿ ಜನರನ್ನು ನಗಿಸುತ್ತಿದ್ದೆ. ಈಗ ನಾನೇ ಅವರ ಸಾಲಿಗೆ ಸೇರಿದ್ದೇನೆ. ನಗುವವರು ನಗಲಿ. ಹೇಗೆ ನಗಬೇಕೆಂದು ಬೇಕಾದರೆ ನಾನೇ ಮಾಡಿ ತೋರಿಸುತ್ತೇನೆ.

ರಾಜಾಜಿನಗರದ ನಮ್ಮ ವಠಾರದಲ್ಲಿ ಎಂಟು ಮನೆ. ನಡುವೆ ಉದ್ದದ ಓಣಿ, ಕೊನೆಗೆ ಒಂದು ನಲ್ಲಿ. ನಮ್ಮ ಮನೆಯ ಎದುರು ಮನೆ ಗಿರಿಜಕ್ಕನದು. ಗಿರಿಜಕ್ಕನ ಮಗಳು ಸುಮಾ. ಅತ್ತೆ ಗೌರಜ್ಜಿ, ಚಿತ್ರದುರ್ಗದ ಕಡೆಯವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು, ಆ ಮಾತಿನಲ್ಲಿ ಮುಕ್ಕಾಲು ಪಾಲು ನನಗೆ ಬೈಗುಳ. ಆಗ ನನಗೆ ಇಪ್ಪತ್ತೆರಡು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಕಲಿತದ್ದಕ್ಕಿಂತ ಫೋರ್‌ಮನ್ನರ ದನಿಯನ್ನು ಅನುಕರಿಸಿ ಬೈಸಿಕೊಂಡದ್ದೇ ಹೆಚ್ಚು. ಬಸ್ ಕಂಡಕ್ಟರು, ಹಾಲಿನವನು, ನಮ್ಮ ತಂದೆ, ಮನೆ ಓನರು, ಯಾರೂ ನನ್ನ ಬಾಯಿಂದ ತಪ್ಪಿಸಿಕೊಂಡಿರಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಸುಮಾಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಮೈಮೇಲೆ ಪೆಟ್ಟು ಬೀಳದೆಯೇ ನೀಲಿ ಕಲೆಗಳು. ದೊಡ್ಡಾಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ನೋಡಿ, ರಕ್ತದ ಕ್ಯಾನ್ಸರ್ ಅಂದರು. ಡಾಕ್ಟರು ಗೌರಜ್ಜಿಗೆ ಬಿಡಿಸಿ ಹೇಳಿದ್ದನ್ನು ಅಜ್ಜಿ ವಠಾರಕ್ಕೆಲ್ಲ ಬಿಡಿಸಿ ಹೇಳಿದರು: ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಕಳೆ ಬೆಳೆದಿದೆ. ಔಷಧಿ ಹಾಕಿದರೆ ಕಳೆಯ ಜೊತೆ ಬೆಳೆಯೂ ಸುಟ್ಟುಹೋಗುತ್ತದೆ. ಹೊಸ ಬೆಳೆ ಏಳುವವರೆಗೆ ಮಗುವಿನ ಮೈಗೆ ಕಾವಲು ಇರುವುದಿಲ್ಲ. ವಿದೇಶದಲ್ಲಿ ಅಣ್ಣತಮ್ಮಂದಿರ ಮಜ್ಜೆಯನ್ನೇ ತೆಗೆದು ರೋಗಿಗೆ ಹಾಕಿ ನೋಡುತ್ತಿದ್ದಾರಂತೆ. ಅಲ್ಲಿಯೂ ಅಷ್ಟೆಲ್ಲ ಗೆದ್ದ ಮೇಲೆ ರೋಗಿಯನ್ನು ಕೊಂಡೊಯ್ಯುವುದು ಸೀತಾಳೆ, ದಡಾರದಂಥ ಸಣ್ಣ ಕಾಯಿಲೆಗಳೇ ಅಂತೆ. ನಮ್ಮ ಮಕ್ಕಳು ಹತ್ತು ದಿನ ಕೆರೆದುಕೊಂಡು ಎದ್ದು ಆಡುವ ಸೀತಾಳೆ ಈ ಮಗುವಿಗೆ ಬಂದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಬಂದ ಮೇಲೆ ಕೊಡಲು ತಮ್ಮ ಕೈಲಿ ಔಷಧಿ ಇಲ್ಲ, ಬರದ ಹಾಗೆ ನೋಡಿಕೊಳ್ಳುವುದೊಂದೇ ದಾರಿ ಎಂದಿದ್ದರು ಡಾಕ್ಟರು.

ಬರದ ಹಾಗೆ ನೋಡಿಕೊಳ್ಳುವುದು ಅಂದರೆ ಎಂಟು ಮನೆಯ ವಠಾರದಲ್ಲಿ ಸಣ್ಣ ಮಾತಲ್ಲ. ರೋಗಿಯನ್ನು ನೋಡಲು ಬರದಿದ್ದರೆ ತಪ್ಪು ಎನ್ನುವ ಜನ ನಾವು. ಬಂದವರು ಮಗುವಿನ ಕೆನ್ನೆ ಮುಟ್ಟದೆ, ತಲೆ ನೇವರಿಸದೆ ಹೋಗುವುದಿಲ್ಲ. ಗಿರಿಜಕ್ಕ ಬಾಗಿಲಲ್ಲಿ ನಿಂತು ಬೇಡವೆಂದು ಕೈಮುಗಿದರೆ ನೆಂಟರಿಗೆ ಸಿಟ್ಟು ಬಂತು. ಡಾಕ್ಟರ ಚೀಟಿ ತೋರಿಸಿದರೆ ಅದನ್ನು ಓದಲು ಅಂತಲೇ ಒಳಗೆ ಬಂದು ಕೂತರು.

ಗೌರಜ್ಜಿ ಒಂದು ದಿನ ಬೆಳಿಗ್ಗೆ ಎದ್ದವರೇ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಬಿಟ್ಟರು. ಬೇವು ಕಟ್ಟಿದ ಮನೆಯಲ್ಲಿ ಅಮ್ಮ ಬಂದಿದ್ದಾಳೆ ಎಂದು ಅರ್ಥ. ಸೀತಾಳೆಯನ್ನು ನಮ್ಮಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ, ಅಮ್ಮ ಅನ್ನುತ್ತೇವೆ. ಅಮ್ಮ ಇರುವ ಮನೆಗೆ ಹೊರಗಿನವರು ಸುಮ್ಮನೆ ನುಗ್ಗುವುದಿಲ್ಲ, ಭಿಕ್ಷೆಯವನೂ ಮುಂದೆ ಹೋಗುತ್ತಾನೆ. ಅಮ್ಮ ಬಾರದ ಹಾಗೆ ಕಾಯಬೇಕಾದ ಮನೆಗೆ ಅಮ್ಮ ಬಂದ ಗುರುತನ್ನೇ ಕಟ್ಟಿ ಅಜ್ಜಿ ಗೆದ್ದರು. ಮರುದಿನದಿಂದ ಒಬ್ಬ ನೆಂಟನೂ ಇಲ್ಲ.

ಪಕ್ಕದ ಮನೆಯ ರತ್ನಮ್ಮನಿಗೆ ಮಾತ್ರ ಭಯ. ಬರದೇ ಇರುವ ಅಮ್ಮನನ್ನು ಬಂದಿದ್ದಾಳೆ ಅಂತ ತೋರಿಸಿದರೆ ಅವಳು ಸುಮ್ಮನಿರುತ್ತಾಳೆಯೇ ಎಂದು ಕೇಳಿದರು.

“ಬಂದಾಳೆ ಅಂತ ನಾನೆಲ್ಲಿ ಹೇಳ್ದೆ?” ಅಂದರು ಅಜ್ಜಿ. “ಸೊಪ್ಪು ಕಟ್ಟೀನಿ, ಅಷ್ಟೇ. ತಿಳ್ಕಳೋದು ನೋಡ್ದೋರಿಗೆ ಬಿಟ್ಟಿದ್ದು.”

ಸಿಡುಬನ್ನು ಹುಡುಕಿಕೊಂಡು ಆರೋಗ್ಯ ಇಲಾಖೆಯವರು ಮನೆಮನೆ ತಿರುಗುತ್ತಿದ್ದ ಕಾಲ ಅದು. ಬೇವು ಕಂಡ ಒಬ್ಬಾತ ಸೈಕಲ್ ನಿಲ್ಲಿಸಿ ಒಳಗೆ ಬರುತ್ತೇನೆಂದ. ಅಜ್ಜಿ ಅವನನ್ನು ಕಿಟಕಿಯಿಂದ ದೂರ ನಿಲ್ಲಿಸಿ, ಮಗುವಿನ ಕೈಕಾಲು ಎತ್ತಿ ತೋರಿಸಿ, ಹೋಗುವಾಗ ಅವನಿಗೇ ಸೋಪು ಕೊಟ್ಟು ಕೈ ತೊಳೆಸಿ ಕಳಿಸಿದರು.

ನನಗೆ ಅಜ್ಜಿ ಕೊಟ್ಟಿದ್ದ ಜಾಗ ಕಿಟಕಿಯಿಂದ ನಾಲ್ಕು ಮಾರು ಆಚೆ. ಅಲ್ಲಿ ಅವರ ಹಳೇ ಸೀರೆಯೊಂದನ್ನು ಸೊಂಟದೆತ್ತರದ ಹಗ್ಗಕ್ಕೆ ಹಾಕಿ ಗಡಿ ಮಾಡಿದ್ದರು. ಸಂಜೆ ನಾನು ಸೀರೆಯ ಈಚೆ ನಿಂತು ನಾಟಕ ಆಡುವುದು, ಕಂಬಿಯ ಆಚೆ ಸುಮಾ ಕೂದಲಿಲ್ಲದ ತಲೆಗೆ ಟವೆಲು ಸುತ್ತಿಕೊಂಡು ನಗುವುದು. ಅವಳಿಗೆ ಎಲ್ಲರಿಗಿಂತ ಇಷ್ಟವಾದದ್ದು ನನ್ನ ಗೌರಜ್ಜಿ. ಅಜ್ಜಿಯ ದನಿ ನನಗೆ ಚೆನ್ನಾಗಿ ಹಿಡಿದಿತ್ತು. ಸಾಲದು ಅಂತ ನಾನೊಂದು ಸೇರಿಸಿದ್ದೆ: ಮಾತಿಗೆ ಮೊದಲು ಎರಡು ಸಲ ಗಂಟಲು ಕೆರೆದು, ಚಳಿಗಾಲದ ಲಾರಿ ಸ್ಟಾರ್ಟ್ ಆದ ಹಾಗೆ ಒಂದು ಗೊರಗೊರ. ನಿಜವಾದ ಅಜ್ಜಿ ಹಾಗೆ ಮಾಡುತ್ತಲೇ ಇರಲಿಲ್ಲ. ಅವರದು ಗಂಟೆಯಂಥ ಗಂಟಲು. ಆದರೆ ಆ ಗೊರಗೊರಕ್ಕೇ ಸುಮಾ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಕಲಿತೂಬಿಟ್ಟಳು. ನಾನು ಮಾಡುವ ಅಜ್ಜಿಯನ್ನು ಮಾಡಬಲ್ಲವಳು ಇಡೀ ವಠಾರಕ್ಕೆ ಅವಳೊಬ್ಬಳೇ.

ಇನ್ನು ನನ್ನ ಘನಕಾರ್ಯ. ಮಾರೇನಹಳ್ಳಿಯ ಮುನಿರಾಜು ನನ್ನ ಜೊತೆ ಕಾರ್ಖಾನೆಯಲ್ಲಿದ್ದವನು. ಅಲ್ಲಿನ ಹಳೇ ಒಕ್ಕಲು ಮನೆ, ದನ, ಗಾಡಿ, ಹೊಲ ಎಲ್ಲ ಇನ್ನೂ ಇತ್ತು. ಅವನಿಗೆ ಅಮ್ಮ ಬಂದಳು. ಒಂದು ಸಂಜೆ ಎಳನೀರು ಹಿಡಿದುಕೊಂಡು ಹೋಗಿ, ಅವನ ಚಾಪೆಯ ಪಕ್ಕದಲ್ಲೇ ಕೂತು ಎರಡು ಗಂಟೆ ನಗಿಸಿ ಬಂದೆ. ಅವರ ಮನೆಯವರು ತಂಪು ಅಂತ ಕೊಟ್ಟ ಮೊಸರನ್ನವನ್ನೂ ತಿಂದೆ. ಬೇಡ ಅಂದರೆ ಅಮ್ಮನಿಗೆ ಅಪಚಾರ.

ನನಗೆ ಚಿಕ್ಕಂದಿನಲ್ಲೇ ಬಂದುಹೋಗಿದೆ, ಇನ್ನೊಮ್ಮೆ ಬರುವುದಿಲ್ಲ ಎಂಬುದು ನನ್ನ ಧೈರ್ಯ. ಹಾಗೆಂದು ಹೇಳಿದ್ದು ನಮ್ಮಮ್ಮ. ನಮ್ಮಮ್ಮನಿಗೆ ಐದು ಮಕ್ಕಳು. ಯಾರಿಗೆ ಸೀತಾಳೆ ಆಗಿತ್ತು, ಯಾರಿಗೆ ಮಂಗನಬಾವು, ಯಾರು ಬಾವಿಕಟ್ಟೆಯಿಂದ ಬಿದ್ದಿದ್ದರು ಎಂಬುದು ಅವಳ ಲೆಕ್ಕದಲ್ಲಿ ಕಲಸುಮೇಲೋಗರ. ಅಮ್ಮ ಇರುವ ಮನೆಗೆ ಹೋಗಿ ಬಂದವರು ಮೂರು ವಾರ ಈ ಕಡೆ ತಲೆ ಹಾಕಬಾರದು ಎಂದು ಗೌರಜ್ಜಿ ಮನೆಮನೆಗೆ ಹೇಳಿದ್ದರು. ಹೇಳಿದರೆ ಸಂಜೆಯ ನಾಟಕಕ್ಕೆ ಕಲ್ಲು ಬೀಳುತ್ತದೆ ಎಂದು ನಾನು ಬಾಯಿ ಬಿಡಲಿಲ್ಲ. ನೋಡಿ, ದಿನವಿಡೀ ಮುಚ್ಚದ ಬಾಯಿ ತೆರೆಯಬೇಕಾದ ಒಂದೇ ಹೊತ್ತಿನಲ್ಲಿ ಮುಚ್ಚಿಕೊಂಡಿತು.

ಎರಡು ವಾರ ಕಳೆಯಿತು. ಕಾರ್ಖಾನೆಯಲ್ಲಿ ಕೆಲಸ ಹೆಚ್ಚಾಗಿ ನಾಲ್ಕು ದಿನ ನಾನು ಕಿಟಕಿಯ ಕಡೆಗೆ ಹೋಗಿರಲಿಲ್ಲ. ಐದನೆಯ ದಿನ ಮೈಕೈ ನೋವು, ತಲೆಭಾರ. ಓವರ್‌ಟೈಮಿನ ಫಲ ಅಂದುಕೊಂಡು ಮಧ್ಯಾಹ್ನವೇ ಮನೆಗೆ ಬಂದೆ. ಬಂದರೆ ನಮ್ಮಮ್ಮ ಹೇಳಿದಳು: ಔಷಧಿಯ ಕಾವಿಗೆ ಸುಮಾಳ ಬಾಯೆಲ್ಲ ಹುಣ್ಣಾಗಿದೆ, ಮೂರು ದಿನದಿಂದ ಮಾತಿಲ್ಲ, ಬೇಕಾದ್ದನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತಾಳೆ, ಗಂಜಿಯ ಲೋಟ ಕಂಡರೆ ಮುಖ ತಿರುಗಿಸುತ್ತಾಳೆ. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕು, ಆಸ್ಪತ್ರೆಯ ವಾರ್ಡಿನಲ್ಲಿ ಅಂಟುಜಾಡ್ಯದ ಮಕ್ಕಳೇ ತುಂಬಿದ್ದಾರೆ ಎಂದು ಗಿರಿಜಕ್ಕ ಅತ್ತಳಂತೆ.

ನನಗೆ ತಡೆಯಲಾಗಲಿಲ್ಲ. ನಾನು ಪಕ್ಕದಲ್ಲಿ ಕೂತು ಡಾಕ್ಟರ ದನಿಯಲ್ಲಿ ಗಂಜಿಯನ್ನು ಪರೀಕ್ಷೆ ಮಾಡಿ ತೋರಿಸಿದರೆ ಮಗು ನಕ್ಕು ಎರಡು ಗುಟುಕು ಕುಡಿದೀತು. ನಾಲ್ಕು ಮಾರು ದೂರದಿಂದ ಆಗುವ ಕೆಲಸ ಅಲ್ಲ ಇದು, ಹತ್ತಿರ ಹೋಗಬೇಕು ಅನ್ನಿಸಿತು. ಓಣಿಗೆ ಬಂದೆ. ವಠಾರದ ನಲ್ಲಿ ಒಣಗಿತ್ತು, ಗಿರಿಜಕ್ಕ ಕೊಡ ಹಿಡಿದು ರಸ್ತೆಯ ನಲ್ಲಿಗೆ ಹೋಗಿದ್ದಳು. ಬಾಗಿಲು ಮುಂದಕ್ಕೆ ಎಳೆದಿತ್ತು, ಚಿಲಕ ಹಾಕಿರಲಿಲ್ಲ. ಸೀರೆಯ ಗಡಿ ದಾಟಿದೆ. ಬೇವಿನ ಸೊಪ್ಪು ತಲೆಗೆ ತಾಗಿತು. ಬಾಗಿಲ ಮೇಲೆ ಕೈ ಇಟ್ಟೆ.

ಗಂಟಲು ಎರಡು ಸಲ ಕೆರೆದ ಸದ್ದು. ಆಮೇಲೆ, “ನಿಲ್ಲಲೇ. ಹೊಸ್ಲು ದಾಟಬ್ಯಾಡ.”

ಸುತ್ತಿ ಬಳಸಿ ಹೇಳುವುದಿಲ್ಲ. ದನಿ ಮೆಲ್ಲಗಿರಲಿಲ್ಲ, ಗಾಳಿಯಲ್ಲಿ ತೇಲಿಯೂ ಬರಲಿಲ್ಲ. ಬಾಗಿಲ ಹಿಂದೆ ಕಾಲು ಚಾಚಿ ಕೂತ ಮನುಷ್ಯರು ಗದರಿದ ಹಾಗೆ ನೇರವಾಗಿ ಬಂತು. ನನಗೆ ಹೆದರಿಕೆ ಆಗಲಿಲ್ಲ, ಮುನಿಸು ಬಂತು. ಮುದುಕಿಗೆ ಎಷ್ಟು ಕಿವಿ ಎಂದುಕೊಂಡು, “ಆಯ್ತಜ್ಜಿ, ಹೋಗ್ತಾ ಇದೀನಿ” ಎಂದು ಹೇಳಿ ಮನೆಗೆ ಬಂದು ಚಾಪೆಯ ಮೇಲೆ ಬಿದ್ದುಕೊಂಡೆ. ದೀಪ ಹಚ್ಚುವ ಹೊತ್ತಿಗೆ ಜ್ವರ ಏರಿತು. ಅರೆಗಣ್ಣಿನಲ್ಲಿ ನೋಡಿದರೆ ಗೌರಜ್ಜಿ ಕೈಚೀಲ ಹಿಡಿದುಕೊಂಡು ಓಣಿಯಲ್ಲಿ ಒಳಗೆ ಬರುತ್ತಿದ್ದರು. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಬೆಳಿಗ್ಗೆ ಎದ್ದಾಗ ಎದೆಯ ಮೇಲೆ ನಾಲ್ಕು ನೀರುಗುಳ್ಳೆ. ನಮ್ಮಮ್ಮ ನೋಡಿದಳು, ಕೆನ್ನೆಗೆ ಕೈ ಹಿಡಿದಳು, “ಅಯ್ಯೋ, ಹಾಗಾದ್ರೆ ಅವತ್ತು ಬಂದಿದ್ದು ನಿಮ್ಮಣ್ಣನಿಗೆ ಕಣೋ” ಅಂದಳು.

ಆ ಕ್ಷಣದ ನನ್ನ ಸ್ಥಿತಿಯನ್ನು ಅನುಕರಿಸಿ ತೋರಿಸಲು ನನಗೇ ಬರುವುದಿಲ್ಲ. ಬಾಗಿಲು ಅರ್ಧ ತೆರೆದು ಎದುರು ಮನೆಗೆ ಕೂಗಿ ಮುನಿರಾಜುವಿನ ಮನೆಗೆ ಹೋದದ್ದು, ಮುಚ್ಚಿಟ್ಟದ್ದು, ಎಲ್ಲವನ್ನೂ ಒಪ್ಪಿಸಿದೆ. ಗಿರಿಜಕ್ಕ ಮೊದಲು ಮಗುವಿನ ಕಿಟಕಿ ಮುಚ್ಚಿ ಬಂದಳು. ಗೌರಜ್ಜಿ ಮಾತ್ರ ಬೈಯಲಿಲ್ಲ. ಅದನ್ನು ಕಂಡೇ ನನಗೆ ಹೆಚ್ಚು ಹೆದರಿಕೆಯಾಯಿತು.

“ಯಾವಾಗ ಬಂದಿದ್ದೆ ಈ ಕಡೆ?” ಎಂದು ಕೇಳಿದರು.

“ನಿನ್ನೆ ಮಧ್ಯಾಹ್ನ ಬಂದಿದ್ದೆ ಅಜ್ಜಿ. ಒಳಗೆ ಬರಲಿಲ್ಲ. ನೀವೇ ನಿಲ್ಲಿಸಿದ್ರಲ್ಲ.”

ಅಜ್ಜಿ ಸೊಸೆಯ ಮುಖ ನೋಡಿದರು. ಸೊಸೆ ಅಜ್ಜಿಯ ಮುಖ ನೋಡಿದಳು.

“ನಿನ್ನೆ ಬೆಳಿಗ್ಗೆ ಕೆಂಗೇರಿಗೆ ಹೋದೋಳು ನಾನು ಬಂದಿದ್ದು ಸಂಜಿಗೆ” ಅಂದರು ಅಜ್ಜಿ. ಕೆಂಗೇರಿಯಲ್ಲಿ ಅವರ ಕಿರಿಯ ಮಗಳಿದ್ದಳು. ಬೇಸಿಗೆ ರಜಕ್ಕೆ ಮೂರು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬರಬೇಡ ಎಂದು ಹೇಳಿಬರಲು ಹೋಗಿದ್ದರಂತೆ.

ಇದನ್ನೆಲ್ಲ ಕೂತು ಯೋಚಿಸಲು ಆಗ ಯಾರಿಗೂ ಬಿಡುವಿರಲಿಲ್ಲ. ನನ್ನನ್ನು ವಠಾರದಿಂದ ಹೊರಗೆ ಹಾಕುವುದು ಮೊದಲ ಕೆಲಸ. ಎಲ್ಲಿಗೆ? ಅಜ್ಜಿ ತೀರ್ಪು ಕೊಟ್ಟರು: ಎಲ್ಲಿಂದ ತಂದನೋ ಅಲ್ಲಿಗೇ ಹೋಗಲಿ. ಮಾರೇನಹಳ್ಳಿಯ ಆ ಮನೆಯಲ್ಲಿ ಎಲ್ಲರಿಗೂ ಆಗಿಹೋಗಿದೆ, ಇನ್ನು ಯಾರಿಗೂ ಅಂಟುವುದಿಲ್ಲ. ಮುನಿರಾಜುವೇ ಎತ್ತಿನ ಗಾಡಿ ಕಟ್ಟಿಕೊಂಡು ಬಂದ. ಕಂಬಳಿ ಹೊದ್ದ ನನ್ನನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ಹೊರಟ. ದಾರಿಯುದ್ದಕ್ಕೂ, “ಏನ್ ಗುರು, ಎಳನೀರು ತಂದ್ಕೊಟ್ಟು ಏನ್ ತಗೊಂಡೋದೆ ನೋಡು” ಎಂದು ನಕ್ಕ. ನನ್ನ ಬಿಡಾರ ಅವರ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ. ಎರಡು ಎತ್ತು, ಒಂದು ಹಸು, ನಾನು. ನಮ್ಮಲ್ಲಿ ಕೆರೆದುಕೊಳ್ಳದೆ ಶಾಂತವಾಗಿದ್ದದ್ದು ಹಸು ಒಂದೇ.

ಆ ಕೊಟ್ಟಿಗೆಯಲ್ಲಿ ಮೂರನೆಯ ದಿನ, ಜ್ವರ ಇಳಿದು ತಲೆ ತಿಳಿಯಾದಾಗ, ಆ ದನಿಯನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಕೇಳಿಸಿಕೊಂಡೆ. ದನಿ ನೆನಪಿಟ್ಟುಕೊಳ್ಳುವುದು ನನ್ನ ಕಸುಬು. ಆಗ ತಟ್ಟನೆ ಎದ್ದು ಕೂತೆ. ಗಂಟಲು ಎರಡು ಸಲ ಕೆರೆದ ಸದ್ದು, ಆ ಗೊರಗೊರ. ಗೌರಜ್ಜಿಗೆ ಅದು ಇಲ್ಲ. ಅದನ್ನು ಸೇರಿಸಿದವನು ನಾನು. ಬಾಗಿಲ ಹಿಂದಿನಿಂದ ನನ್ನನ್ನು ಗದರಿದ್ದು ಅಜ್ಜಿಯ ದನಿ ಅಲ್ಲ, ನಾನು ಮಾಡುವ ಅಜ್ಜಿಯ ದನಿ.

ಸುಮಾ ಮಾಡಿರಬೇಕು ಎಂದೇ ಮೊದಲು ಅಂದುಕೊಂಡೆ. ಎಷ್ಟು ಸಮಾಧಾನ ಆಯಿತೆಂದರೆ ಎತ್ತಿನ ಮುಂದೆ ಒಬ್ಬನೇ ನಕ್ಕೆ. ಆದರೆ ಆಮೇಲೆ ವಿಚಾರಿಸಿದರೆ ಗಿರಿಜಕ್ಕ ಸಾಧ್ಯವೇ ಇಲ್ಲ ಎಂದು ತಲೆಯಾಡಿಸಿದಳು. ಆ ಮಧ್ಯಾಹ್ನ ಮಗುವಿನ ನಾಲಿಗೆ, ಗಂಟಲು ಪೂರ್ತಿ ಹುಣ್ಣು, ನೀರು ನುಂಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ತಾನು ಕೊಡ ಹಿಡಿದು ಹೋದಾಗ ನಿದ್ದೆಯಲ್ಲಿದ್ದಳು, ಬಂದಾಗಲೂ ನಿದ್ದೆಯಲ್ಲಿದ್ದಳು. ಸುಮಾಳನ್ನೇ ಕೇಳಿದ್ದಕ್ಕೆ, ನಿದ್ದೆಯಲ್ಲಿ ಯಾರೂ ಬಂದದ್ದು ಗೊತ್ತಿಲ್ಲ ಎಂದಳು.

ಜ್ವರದ ಭ್ರಮೆ ಎಂದರು ಡಾಕ್ಟರು. ಮೈ ಕಾದಾಗ ಕಿವಿ ಏನನ್ನಾದರೂ ಹುಟ್ಟಿಸಿಕೊಳ್ಳುತ್ತದೆಯಂತೆ. ಅದನ್ನು ಒಪ್ಪಿಕೊಂಡು ಸುಮ್ಮನಾಗಿದ್ದೆ. ಸುಮ್ಮನಿರಲು ಬಿಡದವರು ರತ್ನಮ್ಮ. ಒಂದು ದಿನ ತಾವಾಗಿಯೇ ಹೇಳಿದರು: “ಅವತ್ತು ಗಿರಿಜಮ್ಮನ ಬಾಗಿಲಲ್ಲಿ ಅಜ್ಜಿ ಥರ ಗದರಿದ್ಯಲ್ಲೋ, ಹೊಸ್ಲು ದಾಟಬ್ಯಾಡ ಅಂತ. ನಾನು ಒಳಗೆ ರಾಗಿ ಹಸನು ಮಾಡ್ತಾ ನಕ್ಕೂ ನಕ್ಕೂ ಸಾಕಾಯ್ತು.”

ಅವರ ಕಿವಿಗೂ ಬಿದ್ದಿದೆ. ಹಾಗಾದರೆ ನನ್ನ ಬಾಯೇ ನನಗೆ ಗೊತ್ತಿಲ್ಲದೆ ಆಡಿತೇ? ನನ್ನ ತುಟಿ ಅಲುಗಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಹೊಟ್ಟೆಪಾಡಿಗಲ್ಲದೆ ಬರೀ ಮಜಕ್ಕೆ ಹತ್ತು ಜನರ ದನಿ ಕದ್ದವನ ಆಣೆಗೆ ಬೆಲೆ ಎಷ್ಟು? ದನಿ ಬಂದದ್ದು ಬಾಗಿಲ ಆಚೆಯಿಂದ. ಅಷ್ಟು ಮಾತ್ರ ನನಗೆ ಖಂಡಿತ ಗೊತ್ತು.

ಇನ್ನು ಆಮೇಲಿನ ವಾರಗಳು. ನನ್ನಿಂದ ನನ್ನ ತಮ್ಮನಿಗೆ ಬಂತು, ಅವನೂ ಗಾಡಿ ಹತ್ತಿ ಕೊಟ್ಟಿಗೆಗೆ ಬಂದ. ತಮ್ಮನಿಂದ ರತ್ನಮ್ಮನ ಇಬ್ಬರು ಮಕ್ಕಳಿಗೆ ಬಂತು. ಅವರನ್ನು ಬ್ಯಾಡರಹಳ್ಳಿಯಲ್ಲಿದ್ದ ಅವರಜ್ಜಿಯ ಮನೆಗೆ ಸಾಗಿಸಿದರು. ಆಮೇಲೆ ಉಳಿದ ಮನೆಗಳಿಗೂ ಒಂದೊಂದಾಗಿ ಹಬ್ಬಿತು. ಯಾರಿಗೆ ಮೈ ಬೆಚ್ಚಗಾದರೂ ಅವರ ತಾಯಿ ತಾನಾಗಿ ಬಂದು ಓಣಿಯ ತುದಿಯಿಂದ ಗೌರಜ್ಜಿಗೆ ಕೂಗಿ ಹೇಳುತ್ತಿದ್ದಳು. ಮೊದಲಾದರೆ ಅಮ್ಮ ಬಂದದ್ದನ್ನು ಮುಚ್ಚಿಡುತ್ತಿದ್ದ ವಠಾರ ಅದು. ನಾನು ಮುಚ್ಚಿಟ್ಟು ಸಿಕ್ಕಿಬಿದ್ದ ಮೇಲೆ ಎಲ್ಲರ ಬಾಯಿ ತೆರೆಯಿತು. ಅಷ್ಟರಮಟ್ಟಿಗೆ ನನ್ನಿಂದಲೂ ಲೋಕಕ್ಕೆ ಉಪಕಾರವಾಯಿತು ಎಂದುಕೊಳ್ಳುತ್ತೇನೆ. ಗೌರಜ್ಜಿ ಹೊಸ್ತಿಲಿನಲ್ಲಿ ಚಾಪೆ ಹಾಕಿ ಕೂತರು. ಬೇವು ಬಾಡಿದಂತೆ ಹೊಸದು ಕಟ್ಟಿದರು. ಗಿರಿಜಕ್ಕ ದಿನಾ ಬೆಳಿಗ್ಗೆ ಮಗುವಿನ ಬೆನ್ನು, ಹೊಟ್ಟೆ, ಕಿವಿಯ ಹಿಂದೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ಗುಳ್ಳೆ ಕಂಡಿದ್ದರೂ ಮುಗಿಯುತ್ತಿತ್ತು.

ಕಾಣಲಿಲ್ಲ. ಎಂಟು ಮನೆಯ ಓಣಿಯಲ್ಲಿ ಆ ಬೇಸಿಗೆ ಸೀತಾಳೆ ಕಾಲಿಡದೆ ಹೋದದ್ದು ಬೇವು ಕಟ್ಟಿದ ಆ ಒಂದೇ ಮನೆಗೆ. ಬಾಯಿಯ ಹುಣ್ಣು ಮಾಯಿತು, ಗಂಜಿ ಹೋಗಿ ಅನ್ನ ಬಂತು. ಮತ್ತೆ ಮೂಳೆಗೆ ಸೂಜಿ ಹಾಕಿ ನೋಡಿದ ಡಾಕ್ಟರು ಮಜ್ಜೆ ಶುದ್ಧವಾಗಿದೆ, ಹೊಸ ರಕ್ತ ಹುಟ್ಟುತ್ತಿದೆ ಎಂದರು. ಮನೆಯಲ್ಲಿ ಏನು ಮಾಡಿದಿರಿ ಎಂದು ಕೇಳಿ, ಅಜ್ಜಿ ಹೇಳಿದ್ದನ್ನೆಲ್ಲ ಕೂತು ಕೇಳಿ, ಈ ಬೇವಿನ ಉಪಾಯವನ್ನು ಇನ್ನೆರಡು ಮಕ್ಕಳ ತಾಯಂದಿರಿಗೂ ಹೇಳಿಕೊಟ್ಟರಂತೆ. ಮುಂಗಾರಿಗೆ ಮೊದಲು ಒಂದು ಭಾನುವಾರ ಸುಮಾ ತಾನೇ ಸ್ಟೂಲು ಹತ್ತಿ ಸೊಪ್ಪು ಬಿಚ್ಚಿದಳು. ಎರಡು ಬೆರಳಿನಷ್ಟು ಕೂದಲು ಬಂದಿತ್ತು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಎಂಟು ಮನೆಯವರೂ ಬಾಗಿಲಲ್ಲಿ ನಿಂತಿದ್ದರು. ರತ್ನಮ್ಮ ದೃಷ್ಟಿ ತೆಗೆದರು. ಅವಳ ಕೆನ್ನೆಯನ್ನು ಯಾರೂ ಮುಟ್ಟಲಿಲ್ಲ. ಅದು ನಮ್ಮ ವಠಾರ ಕಲಿತ ಹೊಸ ಮರ್ಯಾದೆ. ಈಗ ಅವಳು ಮಿಡ್ಲ್ ಸ್ಕೂಲಿನಲ್ಲಿ ಓದುತ್ತಿದ್ದಾಳೆ. ಔಷಧಿ ನಿಲ್ಲಿಸಿ ವರ್ಷವಾಯಿತು.

ಆ ಭಾನುವಾರವೇ, ಮುಖದ ತುಂಬ ಕಲೆ ಹೊತ್ತು ನಾನು ಗೌರಜ್ಜಿಯ ಮುಂದೆ ಹೋಗಿ ಕೂತೆ. ಕೊಟ್ಟಿಗೆಯಲ್ಲಿ ಹೊಳೆದದ್ದು, ರತ್ನಮ್ಮ ಹೇಳಿದ್ದು, ಡಾಕ್ಟರು ಹೇಳಿದ್ದು, ಎಲ್ಲವನ್ನೂ ಅವರ ಮುಂದೆ ಒಂದೊಂದಾಗಿ ಇಟ್ಟೆ. ಕೊನೆಗೆ ಕೇಳಿದೆ: ಅಜ್ಜಿ, ಬಂದದ್ದು ನಿಮ್ಮ ದನಿ ಆಗಿದ್ದರೆ ದೇವರ ದಯೆ ಎಂದು ಕೈಮುಗಿಯುತ್ತಿದ್ದೆ. ದೇವರೋ ದೆವ್ವವೋ ನನ್ನ ನಕಲಿನ ದನಿಯಲ್ಲಿ, ನನ್ನ ಗೊರಗೊರದ ಸಮೇತ ಯಾಕೆ ಕೂಗಬೇಕು?

ಅಜ್ಜಿ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು.

“ನನ್ ದನಿಗೆ ನೀನು ಯಾವತ್ತಾದ್ರೂ ನಿಂತಿದ್ದೀಯೇನಲೇ? ನೀನು ಕೇಳೋದು ನಿಂದೊಂದನ್ನೇ.”